ಇಪ್ಪತ್ತೊಂದನೇ ಸಾಲಿನ ಎರಡು ಸೀಟು

ಅಡಿವೆಪ್ಪನ ಸಿಟ್ಟಿಗೂ ಒಂದು ವೇಳಾಪಟ್ಟಿ ಇತ್ತು. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಶುರುವಾಗಿ ನಾಲ್ಕರ ಹೊತ್ತಿಗೆ ನೆತ್ತಿಗೇರುತ್ತಿತ್ತು. ಸೋಮವಾರ ಬೆಳಿಗ್ಗೆ ಆರಕ್ಕೆ, ಆಫೀಸಿಗೆ ಹೊರಡುವ ಮುಂಚೆ, ವಾಲ್ನಟ್ ಕ್ರೀಕಿನ ಮನೆಯ ಅಡುಗೆಮನೆ ಮೇಜಿನ ಮೇಲೆ ಕಾಗದಕ್ಕೆ ಇಳಿಯುತ್ತಿತ್ತು. ಈ ಎರಡರ ನಡುವೆ ಅವನ ಹೆಂಡತಿ ಚನ್ನಬಸವ್ವ ಅವನನ್ನು ಮಾತನಾಡಿಸುತ್ತಿರಲಿಲ್ಲ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ಕಲಿತ ಜಾಣತನಗಳಲ್ಲಿ ಅದೂ ಒಂದು.

ಸಿಟ್ಟೆಲ್ಲ ಒಂದು ಫುಟ್‌ಬಾಲ್ ಟೀಮಿನ ಮೇಲೆ. ನಾವು ನೀವು ಶಾಲೆಯಲ್ಲಿ ಒದ್ದ ಫುಟ್‌ಬಾಲಲ್ಲ, ಅಮೆರಿಕದ್ದು. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ಓಡುವ, ಹನ್ನೊಂದು ಜನ ಇನ್ನೊಂದು ಹನ್ನೊಂದು ಜನರ ಮೇಲೆ ಬೀಳುವ ಆಟ. ಟೀಮಿನ ಹೆಸರನ್ನು ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ, 'ನಮ್ಮವರು' ಎನ್ನುತ್ತಿದ್ದರು. ನಮ್ಮವರು ಗೆದ್ದರು, ನಮ್ಮವರು ಸೋತರು. ೧೯೯೯ರ ಹಂಗಾಮಿನಲ್ಲಿ ಬರೀ ಎರಡನೆಯದನ್ನೇ ಹೇಳಬೇಕಾಗಿತ್ತು.

ಅಡಿವೆಪ್ಪ ಗದಗಿನವನು. ಎಪ್ಪತ್ತನಾಲ್ಕರಲ್ಲಿ ಅಮೆರಿಕಕ್ಕೆ ಓದಲು ಬಂದು, ಕೌಂಟಿಯ ರಸ್ತೆ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ ಹಿಡಿದು, ಅದೇ ಕುರ್ಚಿಯಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು. ನಿನ್ನೆ ಮೊನ್ನೆ ವಿಮಾನದಿಂದ ಇಳಿದು ಕ್ಯುಪರ್ಟಿನೋದಲ್ಲಿ ಮನೆ ನೋಡುತ್ತಿದ್ದ ಕಂಪ್ಯೂಟರ್ ಹುಡುಗರ ಹಾಗೆ ಅವನಿಗೆ ಕಂಪನಿಯ ಸ್ಟಾಕೂ ಇರಲಿಲ್ಲ, ಆಪ್ಷನ್ನೂ ಇರಲಿಲ್ಲ. ಇದ್ದದ್ದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಂಡೆಯ ಸ್ಟೇಡಿಯಮ್ಮಿನಲ್ಲಿ, ಇಪ್ಪತ್ತೊಂದನೇ ಸಾಲಿನಲ್ಲಿ, ಅಕ್ಕಪಕ್ಕದ ಎರಡು ಸೀಟು. ಎಂಬತ್ತಮೂರರಲ್ಲಿ ಆಫೀಸಿನ ಗೆಳೆಯನೊಬ್ಬ ಊರು ಬಿಡುವಾಗ ತನ್ನ ಸೀಟುಗಳನ್ನು ಇವನ ಹೆಸರಿಗೆ ಮಾಡಿಸಿ ಹೋಗಿದ್ದ. ವರ್ಷಾವರ್ಷ ಬಿಡದೆ ತೆಗೆದುಕೊಂಡರೆ ಅವು ನಿಮ್ಮವೇ. ಒಮ್ಮೆ ಬಿಟ್ಟಿರೋ, ಸರದಿಯಲ್ಲಿ ಕಾದು ನಿಂತ ಸಾವಿರಾರು ಜನರ ಪಾಲು.

ಎರಡನೇ ಸೀಟು ಮಗಳು ಸುಮನ್‌ಳದು. ಆರು ವರ್ಷದವಳಿದ್ದಾಗಿನಿಂದ ಅಪ್ಪನ ಪಕ್ಕ ಕೂತವಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಥರ್ಮಾಸು ಚಹಾ ಕಟ್ಟಿಕೊಂಡು ಇಬ್ಬರೂ ಬೆಳಿಗ್ಗೆ ಹತ್ತಕ್ಕೇ ಹೊರಡುತ್ತಿದ್ದರು. ಮೊದಲ ವರ್ಷ ಚಟ್ನಿಯ ವಾಸನೆಗೆ ಮೂಗು ಮುರಿದ ಹಿಂದಿನ ಸಾಲಿನ ಬಿಳಿಯ ಮುದುಕ ಮೂರನೇ ವರ್ಷಕ್ಕೆ ಕೈಚಾಚಿ ಕೇಳುತ್ತಿದ್ದ.

ಎಲ್ಲರೂ ಚೆಂಡನ್ನು ನೋಡಿದರೆ ಅಪ್ಪ ಮಗಳು ಚೆಂಡನ್ನು ನೋಡುತ್ತಲೇ ಇರಲಿಲ್ಲ. ಅಡಿವೆಪ್ಪ ಗದಗಿನ ಗರಡಿಯಲ್ಲಿ ಆರು ವರ್ಷ ಮಣ್ಣು ಮೈಗೆ ಹಚ್ಚಿಕೊಂಡವನು. ಚೆಂಡು ಎಸೆಯುವವನಿಗೆ ಗೋಡೆಯಾಗಿ ನಿಲ್ಲುವ ಐದು ಜನ ದೈತ್ಯರ ಮೇಲೆ ಅವನ ಕಣ್ಣು. ಅವರದ್ದೇ ನಿಜವಾದ ಕುಸ್ತಿ, ಉಳಿದದ್ದು ಮೆರವಣಿಗೆ ಎನ್ನುತ್ತಿದ್ದ. "ಕಾಲ ನೋಡು, ಸುಮೀ. ಕೈ ಸುಳ್ಳು ಹೇಳತಾವ, ಕಾಲು ಹೇಳೂದಿಲ್ಲ." ಏಳನೇ ವಯಸ್ಸಿಗೇ ಆ ಹುಡುಗಿಗೆ ಯಾವ ದೈತ್ಯ ಯಾವ ಕಾಲಿನ ಮೇಲೆ ಭಾರ ಹಾಕಿದ್ದಾನೆ ಎಂದು ಇಪ್ಪತ್ತೊಂದನೇ ಸಾಲಿನಿಂದ ಕಾಣುತ್ತಿತ್ತು.

ಅಂಥ ಐವರನ್ನು ಟೀಮಿನವರು ಕಳೆದ ಎರಡೇ ವರ್ಷದಲ್ಲಿ ಮನೆಗೆ ಕಳಿಸಿದ್ದರು. ಮುದುಕರಾದರಂತೆ. ಅವರ ಜಾಗಕ್ಕೆ ಬಂದವರು ತೋಳು ತೋರಿಸುವ ಹುಡುಗರು, ನೆಟ್ಟಗೆ ಕಂಬದ ಹಾಗೆ ನಿಲ್ಲುವವರು. ಎಡತುದಿಯ ಹೊಸಬನಂತೂ ಎಡಗಾಲು ಹಿಂದಿಡುವುದನ್ನೇ ಕಲಿತಿರಲಿಲ್ಲ. ಎದುರಿನವನು ಭುಜ ತಾಗಿಸಿದರೆ ಸಾಕು, ಬಾಗಿಲು ತೆರೆದ ಹಾಗೆ ತಿರುಗಿಬಿಡುತ್ತಿದ್ದ. ಇದನ್ನು ನೋಡಬೇಕಾದ ಟೀಮಿನವರು ಏನು ಮಾಡುತ್ತಿದ್ದರು? ಕಂಪನಿಗಳಿಗಾಗಿ ಗಾಜಿನ ಕೋಣೆ ಸಿಂಗರಿಸುತ್ತಿದ್ದರು. ಹುಟ್ಟಿ ಎರಡು ವರ್ಷವಾಗದ ಇಂಟರ್ನೆಟ್ ಕಂಪನಿಗಳ ಹುಡುಗರು ಅಲ್ಲಿ ಮೈದಾನಕ್ಕೆ ಬೆನ್ನು ಮಾಡಿ ನಿಂತು, ಸೆಲ್‌ಫೋನಿನಲ್ಲಿ ಮಾತನಾಡುತ್ತ, ಬಿಟ್ಟಿ ಸೀಗಡಿ ತಿನ್ನುತ್ತಿದ್ದರು. ಹದಿನೇಳು ವರ್ಷ ಗಾಳಿಗೆ ಮುಖ ಕೊಟ್ಟು ಕೂತವನನ್ನು ಕೇಳುವವರಿಲ್ಲ. ಅಡಿವೆಪ್ಪನಿಗೆ ಸೋಲಿಗಿಂತ ಇದು ಹೆಚ್ಚು ಉರಿಯುತ್ತಿತ್ತು.

ಅದಕ್ಕೇ ಕಾಗದ. ಅವನ ತಂದೆ ಗದಗಿನ ಮಾಮಲೇದಾರ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅರ್ಜಿ ಬರೆಯುವ ಕ್ರಮ ಮಗನ ಕೈಗೆ ರಕ್ತದಲ್ಲೇ ಬಂದಿತ್ತು. ಮೇಲೆ ವಿಷಯ, ಅದರ ಕೆಳಗೆ ಉಲ್ಲೇಖ, ಆಮೇಲೆ ಮಾನ್ಯರೇ. 'ವಿಷಯ: ಎಡತುದಿಯ ಆಟಗಾರನ ಎಡಗಾಲಿನ ಕುರಿತು. ಉಲ್ಲೇಖ: ಇದೇ ವಿಷಯವಾಗಿ ನಾನು ಬರೆದ ಹಿಂದಿನ ನಾಲ್ಕು ಪತ್ರಗಳು.' ಎಲ್ಲ ಇಂಗ್ಲಿಷಿನಲ್ಲಿ, ನೀಲಿ ಶಾಯಿಯಲ್ಲಿ, ಮುಖ್ಯ ವಾಕ್ಯಗಳ ಕೆಳಗೆ ಕೆಂಪು ಗೆರೆ. ನವೆಂಬರ್ ಮುಗಿಯುವ ಹೊತ್ತಿಗೆ ಹತ್ತು ಪತ್ರ ಹೋಗಿದ್ದವು. ಟೀಮಿನ ಕಚೇರಿಯಿಂದ ಬಂದದ್ದು ಒಂದು ಕೀಚೈನು.

ಅಷ್ಟರಲ್ಲಿ ಪಕ್ಕದ ಸೀಟೂ ಖಾಲಿಯಾಗಿತ್ತು. ಸುಮನ್ ಕಾಲೇಜು ಮುಗಿಸಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಇಂಟರ್ನೆಟ್ಟಿನ ಮೇಲೆ ಹೂಕುಂಡ ಮಾರುತ್ತೇವೆ ಎಂದು ಹೊರಟ ಕಂಪನಿಯೊಂದಕ್ಕೆ ಸೇರಿದ್ದಳು. ಅಕ್ಟೋಬರಿನ ಒಂದು ಶನಿವಾರ ಫೋನು ಮಾಡಿ, "ಅಪ್ಪಾ, ನಾಳೆ ಆಗೂದಿಲ್ಲ. ಮಂಡೇ ನಮ್ಮ ವೆಬ್‌ಸೈಟ್ ಲಾಂಚ್ ಐತಿ," ಎಂದಳು.

ಹದಿನೇಳು ವರ್ಷದಲ್ಲಿ ಅವಳು ತಪ್ಪಿಸಿದ್ದು ಎರಡೇ ಸಲ, ಸಿಡುಬಿನಂಥದ್ದೇನೋ ಎದ್ದಾಗ ಒಮ್ಮೆ, ಪರೀಕ್ಷೆಗೆ ಒಮ್ಮೆ. ಈಗ ಹೂಕುಂಡಕ್ಕೆ. ಅದೂ ನಮ್ಮವರು ಸೋಲುತ್ತಿರುವಾಗ, ಆ ಗಾಜಿನ ಕೋಣೆಯ ಹುಡುಗರ ಕಡೆ ಸೇರಿ. ಅಡಿವೆಪ್ಪನ ಬಾಯಿಂದ ಮಾತು ಜಾರಿತು. "ಹಂಗಾರ ಇನ್ನ ಮ್ಯಾಲೆ ಬರಲೇಬ್ಯಾಡ, ತಗೋ."

"ಫೈನ್," ಎಂದಳು ಅವಳು.

ಅವಳು ಬರಲಿಲ್ಲ. ಮುಂದಿನ ಆಟಗಳಿಗೆ ಅವನೊಬ್ಬನೇ ಹೋಗಿ, ಅವಳ ಸೀಟಿನ ಮೇಲೆ ತನ್ನ ಜಾಕೀಟು ಹಾಸಿ, ಯಾರನ್ನೂ ಕೂರಗೊಡದೆ, ಎಲ್ಲ ರೊಟ್ಟಿಯನ್ನೂ ಹಿಂದಿನ ಮುದುಕನಿಗೆ ಕೊಟ್ಟು ಬಂದ. ಈ ದೇಶದಲ್ಲಿ ಹುಟ್ಟಿದವಳು, ಹೇಳಿದ ಮಾತನ್ನು ಹೇಳಿದ ಹಾಗೇ ಹಿಡಿದುಕೊಂಡಿದ್ದಾಳೆ ಎಂದು ಹೆಂಡತಿಯ ಮುಂದೆ ಹಾರಾಡಿದ.

"ನೀವ ಫೋನ್ ಮಾಡ್ರಿ," ಎಂದಳು ಚನ್ನಬಸವ್ವ.

"ನಾ ಯಾಕ ಮಾಡ್ಲಿ?"

ಹನ್ನೊಂದನೇ ಪತ್ರ ಬರೆದದ್ದು ನವೆಂಬರಿನ ಕೊನೆಯ ಸೋಮವಾರ. ಹಿಂದಿನ ದಿನ ಎಡತುದಿಯವನು ಐದು ಸಲ ಬಾಗಿಲು ತೆರೆದಿದ್ದ. ಪತ್ರದ ಕೊನೆಗೆ ಅಡಿವೆಪ್ಪ ಬರೆದ: 'ನನ್ನ ಮಾತಿಗೆ ನಿಮ್ಮಲ್ಲಿ ಬೆಲೆ ಇಲ್ಲವೆಂದ ಮೇಲೆ ನನ್ನ ಎರಡೂ ಸೀಟುಗಳನ್ನು ನೀವೇ ಇಟ್ಟುಕೊಳ್ಳಿ. ಇನ್ನು ನಿಮ್ಮ ಸ್ಟೇಡಿಯಮ್ಮಿನಲ್ಲಿ ಕಾಲಿಡುವುದಿಲ್ಲ.' ಕೆಳಗೆ ಕೆಂಪು ಗೆರೆ, ಎರಡು ಸಲ. ಅಂಚೆ ಡಬ್ಬಿಗೆ ಹಾಕಿ ಬಂದವನ ಮುಖದಲ್ಲಿ ಎಷ್ಟೋ ವಾರಗಳ ಮೇಲೆ ಒಂದು ಗೆಲುವು ಕಂಡಿತು.

ಆ ಗೆಲುವಿನ ಮೂಲ ತಿಳಿಯಬೇಕಾದರೆ ಅವನ ಸೋದರಮಾವ ಗುರುಶಾಂತಪ್ಪನನ್ನು ತಿಳಿಯಬೇಕು. ಮಾವ ಯಾವ ಮದುವೆಗೆ ಹೋದರೂ ಪಂಕ್ತಿಯ ನಡುವೆ ಸಿಟ್ಟಾಗಿ ಎದ್ದುಬಿಡುತ್ತಿದ್ದ. ತುಪ್ಪ ತಡವಾಯಿತು, ಹೆಸರು ಹಿಡಿದು ಕರೆಯಲಿಲ್ಲ, ಏನಾದರೊಂದು. "ನಿಮ್ಮ ಊಟಾ ನೀವ ಇಟಗೋರಿ!" ಎಂದು ಎದ್ದು ಬಾಗಿಲವರೆಗೆ ಹೋಗಿ, ಅಲ್ಲಿ ಬಹಳ ನಿಧಾನವಾಗಿ ಚಪ್ಪಲಿ ಹುಡುಕುತ್ತಿದ್ದ. ಒಂದು ಚಪ್ಪಲಿ ಸಿಗುತ್ತಲೇ ಇರಲಿಲ್ಲ. ಅದು ಅಡಿವೆಪ್ಪನ ತಾಯಿ ಬಂಗಾರೆವ್ವನ ಸೆರಗಿನ ಕೆಳಗೆ, ಕಂಕುಳಲ್ಲಿ ಇರುತ್ತಿತ್ತು. ಅಷ್ಟರಲ್ಲಿ ಹುಡುಗಿಯ ಕಡೆಯ ಹಿರಿಯರು ಓಡಿಬಂದು ಕೈಹಿಡಿದು, "ತಪ್ಪಾತ್ರೀ, ಬರ್ರಿ," ಎನ್ನುವರು. ಮಾವ ಎರಡು ಸಲ ಒಲ್ಲೆ ಎಂದು ಮೂರನೇ ಸಲಕ್ಕೆ ಬಂದು ಕೂತು ಎರಡು ಹೋಳಿಗೆ ಹೆಚ್ಚು ತಿನ್ನುತ್ತಿದ್ದ. ಎದ್ದವನು ಹೋಗುವುದಕ್ಕೆ ಎದ್ದಿಲ್ಲ ಎಂಬುದು ಇಡೀ ಚಪ್ಪರಕ್ಕೆ ಗೊತ್ತಿತ್ತು.

ಒಂಬತ್ತನೇ ದಿನ ಉತ್ತರ ಬಂತು. ಒಳ್ಳೆಯ ಕಾಗದ, ಮೇಲೆ ಟೀಮಿನ ಮುದ್ರೆ. ತಮ್ಮ ಪತ್ರ ತಲುಪಿದೆ, ತಮ್ಮ ಕೋರಿಕೆಯಂತೆ ಎರಡೂ ಸೀಟುಗಳನ್ನು ಸರದಿಯಲ್ಲಿರುವವರಿಗೆ ಬಿಟ್ಟುಕೊಡಲಾಗಿದೆ, ಹದಿನೇಳು ವರ್ಷದ ಬೆಂಬಲಕ್ಕಾಗಿ ಧನ್ಯವಾದಗಳು.

ಅಡಿವೆಪ್ಪ ಅದನ್ನು ನಿಂತೇ ಮೂರು ಸಲ ಓದಿದ. "ಬಿಟ್ಟುಕೊಟ್ಟಾರಂತ! ಒಂದು ಫೋನಿಲ್ಲ, ಯಾಕಪ್ಪಾ ಏನಾತು ಅಂತ ಕೇಳಲಿಲ್ಲ..."

ಚನ್ನಬಸವ್ವ ಕಾಗದ ಇಸಿದುಕೊಂಡು ನೋಡಿದಳು. "ನಿಮ್ಮನ್ನ ಕರಿಯಾಕ ಯಾರು ಬರ್ತಾರ್ರೀ ಅಲ್ಲಿಂದ? ಅದೇನು ನಿಮ್ಮ ಮಾವ ಎದ್ದ ಮದವಿ ಅಂತ ತಿಳದೀರೇನು?"

ಮರುದಿನ ರಜೆ ಹಾಕಿ ಟೀಮಿನ ಕಚೇರಿಗೇ ಹೋದ. ಕಿಟಕಿಯ ಹಿಂದಿನ ಹುಡುಗಿ ಒಳ್ಳೆಯವಳು, ನಗುನಗುತ್ತ ಮಾತನಾಡಿದಳು, ಅದೇ ಅವನಿಗೆ ಸಹಿಸಲಾಗಲಿಲ್ಲ. ಫೈಲು ತೆರೆದು ಅವನದೇ ಪತ್ರ ಅವನ ಮುಂದಿಟ್ಟು, ಅವನದೇ ಕೆಂಪು ಗೆರೆಯ ಮೇಲೆ ಬೆರಳಿಟ್ಟಳು. "ಸರ್, ಇದನ್ನು ನೀವೇ ಬರೆದಿದ್ದೀರಿ."

"ಬರೆದೆ. ಸಿಟ್ಟಿನಲ್ಲಿ ಬರೆದೆ. ಹದಿನೇಳು ವರ್ಷ ಕೂತವನು ಹಾಗೆ ಬರೆದರೆ ಏನರ್ಥ?"

ಅವಳು ಪತ್ರವನ್ನು ಇನ್ನೊಮ್ಮೆ ಓದಿದಳು, ನಿಜವಾಗಿಯೂ ಅರ್ಥ ಹುಡುಕಿದಳು, ಸಿಗಲಿಲ್ಲ. ಬೇಕಾದರೆ ಸರದಿಯ ಕೊನೆಯಲ್ಲಿ ಹೆಸರು ಬರೆದುಕೊಳ್ಳುತ್ತೇನೆ, ಈಗ ಕಂಪನಿಗಳೇ ಜಾಸ್ತಿ, ಕೆಲವು ವರ್ಷ ಹಿಡಿಯಬಹುದು ಎಂದಳು. ಬಾಗಿಲವರೆಗೆ ನಡೆದು ಬಂದ ಅಡಿವೆಪ್ಪ ಅಲ್ಲಿ ಸ್ವಲ್ಪ ಹೊತ್ತು ನಿಂತ. ಹಿಂದಿನಿಂದ ಯಾರೂ ಕರೆಯಲಿಲ್ಲ. ಫ್ರೀವೇಯುದ್ದಕ್ಕೂ ಒಬ್ಬನೇ ಬೈದುಕೊಂಡು ಬಂದ. ಟೀಮನ್ನು, ಎಡತುದಿಯವನನ್ನು, ಗಾಜಿನ ಕೋಣೆಗಳನ್ನು, ಆ ನಗುವ ಹುಡುಗಿಯನ್ನು, ಕೊನೆಗೆ ಸತ್ತು ಸ್ವರ್ಗ ಸೇರಿದ ಗುರುಶಾಂತಪ್ಪ ಮಾವನನ್ನೂ.

ಭಾನುವಾರ ಸುಮನ್ ಬಂದಳು. ಕರೆದವನು ಅವನಲ್ಲ. ಚನ್ನಬಸವ್ವ ಫೋನಿನಲ್ಲಿ ಸೀಟಿನ ಸುದ್ದಿ ಹೇಳಿದ್ದಳು. ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದವಳು ಕೂರಲಿಲ್ಲ. ಟಿವಿಯಲ್ಲಿ ನಮ್ಮವರು ಅರ್ಧ ಆಟಕ್ಕೇ ಹದಿನೇಳು ಪಾಯಿಂಟು ಹಿಂದೆ ಬಿದ್ದಿದ್ದರು.

"ಅಪ್ಪಾ, ಖರೇನಾ? ನೀ ಬಿಟ್ಟುಕೊಟ್ಟಿ?"

"ನಾ ಎಲ್ಲಿ ಬಿಟ್ಟೆ? ಸಿಟ್ಟಿನಾಗ ಒಂದು ಮಾತು ಬರದ್ರ, ಅವರು ಅದನ್ನ ಹಿಡಕೊಂಡು..."

"ಅದು ನನ್ನ ಸೀಟೂ ಆಗಿತ್ತು. ಡಿಡ್ ಯು ಆಸ್ಕ್ ಮಿ?"

"ನೀ ಎಲ್ಲಿ ಬರತಿದ್ದಿ? ನಿನಗ ಹೂಕುಂಡ ಇದ್ದವು."

ಸುಮನ್‌ಳ ಮುಖ ಕೆಂಪಾಯಿತು. "ಒಂದ್ ಸಂಡೇ ಬರಲಿಲ್ಲ. ಒಂದ್. ನೀ ಬರಬ್ಯಾಡ ಅಂದಿ." ಇಂಗ್ಲಿಷಿಗೆ ಹೊರಳಲು ಹೋದವಳು ಮತ್ತೆ ಕನ್ನಡಕ್ಕೇ ಬಂದಳು, ಈ ಮಾತು ಅಪ್ಪನಿಗೆ ಅಪ್ಪನ ಭಾಷೆಯಲ್ಲೇ ತಾಗಬೇಕೆಂಬ ಹಾಗೆ. "ಎಂಟು ಸಂಡೇ ಫೋನ್ ಮುಂದ ಕೂತೆ, ಅಪ್ಪಾ. ನೀ ಒಂದು ಸಲ ಬಾ ಅನ್ನಲಿಲ್ಲ."

ಅವಳು ತಿರುಗಿ ಬಾಗಿಲಿಗೆ ಹೋಗಿ, ಮೆಟ್ಟಿಲ ಮೇಲೆ ಕೂತು ಬೂಟು ಹಾಕತೊಡಗಿದಳು. ಎಂದೂ ಲೇಸು ಬಿಚ್ಚದೆ ಕಾಲು ತೂರಿಸಿ ಓಡುವ ಹುಡುಗಿ. ಈಗ ಬಲಗಾಲಿನ ಲೇಸು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಗಂಟಿನ ಎರಡೂ ಕಿವಿಗಳನ್ನು ಎಳೆದು ಸಮ ಮಾಡಿದಳು. ಮತ್ತೆ ಬಿಚ್ಚಿದಳು. ಕಣ್ಣು ಬಾಗಿಲ ಒಳಗಿನ ನೆಲದ ಮೇಲಿತ್ತು.

ಅಡಿವೆಪ್ಪ ಅವಳ ಕಾಲನ್ನೇ ನೋಡುತ್ತಿದ್ದ. ಗುರುಶಾಂತಪ್ಪ ಮಾವನನ್ನು ಕಣ್ಣಿನಿಂದಲೂ ಕಾಣದ ಹುಡುಗಿ ವಾಲ್ನಟ್ ಕ್ರೀಕಿನ ಬಾಗಿಲಲ್ಲಿ ಕೂತು ಮಾವನ ಚಪ್ಪಲಿ ಹುಡುಕುತ್ತಿದ್ದಳು. ಎಂಟು ವಾರದಿಂದ ಹುಡುಕುತ್ತಿದ್ದಳು.

ಎದ್ದು ಬಾಗಿಲಿಗೆ ಹೋದ. ಜನ್ಮದಲ್ಲಿ ಯಾರನ್ನೂ ಒಲಿಸಿ ಅಭ್ಯಾಸವಿಲ್ಲ, ಕೈಹಿಡಿಯುವುದು ಹೇಗೆ ಎಂದೂ ಗೊತ್ತಿಲ್ಲ. ಗೊತ್ತಿದ್ದದ್ದು ತನ್ನ ಅವ್ವನ ಒಂದೇ ಉಪಾಯ. ಬಗ್ಗಿ ಅವಳ ಎಡಗಾಲಿನ ಬೂಟು ಎತ್ತಿ ಕಂಕುಳಲ್ಲಿ ಒತ್ತಿಕೊಂಡ.

"ತಪ್ಪಾತವ್ವಾ," ಎಂದ. "ಒಳಗ ಬಾ."

"ಶೂ ಕೊಡಪ್ಪಾ."

"ಕೊಡೂದಿಲ್ಲ. ರೊಟ್ಟಿ ಆಗ್ಯಾವ, ಊಟಾ ಮಾಡು."

ಅವಳು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಸಾಕ್ಸು, ಕುಂಟಿಕೊಂಡು ಬಂದು ಸೋಫಾದ ಮೇಲೆ ತನ್ನ ಜಾಗದಲ್ಲಿ ಕೂತಳು.

"ಐ ಆಮ್ ಸ್ಟಿಲ್ ಆ್ಯಂಗ್ರಿ."

"ಇರು. ನಾನೂ ಇದ್ದೀನಿ."

ಟಿವಿಯಲ್ಲಿ ನಮ್ಮವರು ಮತ್ತೆ ಸಾಲುಗಟ್ಟಿ ನಿಂತರು. ಚೆಂಡು ಹೊರಡುವ ಮುಂಚೆಯೇ ಸುಮನ್ ಮುಂದೆ ಬಾಗಿದಳು. "ಅಯ್ಯ, ಅವನ ಎಡಗಾಲ ನೋಡಪ್ಪಾ," ಎಂದು ಅವಳೇ ಮೊದಲು ಬೈದಳು. ಅಡಿವೆಪ್ಪ ಅವಳಿಗಿಂತ ಜೋರಾಗಿ ಬೈದ. ಬೂಟು ಮಾತ್ರ ಆಟ ಮುಗಿಯುವವರೆಗೂ ಅವನ ಕಂಕುಳಲ್ಲೇ ಇತ್ತು.