ಪಟ್ಟಿಯಲ್ಲಿ ಖಾಲಿ ಉಳಿದ ಅಕ್ಷರ

ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಲುವರಾಜು ಹಳೆಯ ಚುನಾವಣಾ ಫ್ಲೆಕ್ಸೊಂದನ್ನು ಮಗುಚಿ ಹಾಸುತ್ತಾರೆ. ನಗುವ ಮುಖಗಳು ನೆಲಕ್ಕೆ, ಬಿಳಿ ಬೆನ್ನು ಮೇಲಕ್ಕೆ. ನೀಲಿಯಲ್ಲಿ ಅದ್ದಿದ ದಾರ ಬಿಗಿದು ಟಪ್ಪೆಂದು ಗೆರೆ ಹೊಡೆದು, ಕುಂಚ ಇಳಿಸುತ್ತಾರೆ. ಮೂಡುವ ಅಕ್ಷರದ್ದು ಕನ್ನಡದ್ದೇ ಮೈಕಟ್ಟು. ತಲೆಯ ಮೇಲೊಂದು ಹೊಸ ಕೊಂಡಿ. ಜೇನುಕುರುಬರ ದನಿಯೊಂದಕ್ಕೆ ಅವರೇ ಕೊಟ್ಟ ರೂಪ ಅದು.

ಕೈಗೂಸಾಗಿದ್ದಾಗಲೇ ಎಚ್.ಡಿ. ಕೋಟೆಯ ಕಾಡಿನಿಂದ ಎತ್ತಂಗಡಿಯಾದವರು. ಈಗ ಐವತ್ತೆರಡು. ಬೋರ್ಡ್ ಬರೆಯುವ ಕಸುಬನ್ನು ಫ್ಲೆಕ್ಸ್ ನುಂಗಿತು. ಒಂಬತ್ತು ವರ್ಷಗಳಿಂದ ತಮ್ಮ ಜನರ ಮಾತಿಗೆ ಫಾಂಟ್ ಮಾಡುತ್ತಿದ್ದಾರೆ. ಒಂದೊಂದು ಅಕ್ಷರವನ್ನೂ ನಲವತ್ತು ಸಲ ಬರೆದು. ಆ ಮಾತಾಡಿದರೆ ಶಾಲೆಯಲ್ಲಿ ನಗುತ್ತಾರೆಂದು ಹಾಡಿಯ, ಅಂದರೆ ಅವರ ಕೇರಿಯ, ಮಕ್ಕಳು ಅದನ್ನು ಬಿಟ್ಟೇಬಿಟ್ಟಿದ್ದಾರೆ. “ಪುಸ್ತಕ್ದಾಗೆ ಅಚ್ಚಾಗಿ ಕಂಡ್ರೆ ನಗಾಕಿಲ್ಲ ಅನ್ಕಂಡೆ ಕಣ್ರೀ.”

ಗೋಡೆಗೆ ಅಂಟಿಸಿದ ಅಕ್ಷರಪಟ್ಟಿಯಲ್ಲಿ ಒಂದು ಚೌಕ ಮಾತ್ರ ಖಾಲಿ. ಅದು ಜೇನು ಕುಯ್ಯುವಾಗಿನ ಹಾಡಿನಲ್ಲಷ್ಟೇ ಬರುವ, ಗಂಟಲಾಳದ ದನಿಯಂತೆ; ಚಲುವರಾಜು ಕೇಳಿದ್ದಿಲ್ಲ. ಹಾಡು ಬಲ್ಲವರು ಸೋದರಮಾವ ಮಂಟಯ್ಯ ಒಬ್ಬರೇ. ಕತ್ತಲಾದ ಮೇಲೆ, ಜೇನು ಕಟ್ಟಿದ ಮರದಡಿಯೇ ಹಾಡಬೇಕು. ಬೇರೆಲ್ಲೂ ಬಾಯಿಗೆ ತರುವಂತಿಲ್ಲ, ಅದು ಹಿರಿಯರ ಕಟ್ಟಳೆ. ಆ ಕಾಡು ಈಗ ಹುಲಿ ರಕ್ಷಿತಾರಣ್ಯ. ಹುಲಿ ನೋಡುವವರಿಗೆ ಜೀಪು ಕಾಯುತ್ತದೆ. ಕಾಡಿನಲ್ಲೇ ಹುಟ್ಟಿದವರು ಮರ ನೋಡಲು ಅರ್ಜಿ ಹಿಡಿದು ಅಲೆಯಬೇಕು!

ಮೂರು ವರ್ಷ ಅಲೆದ ಮೇಲೆ ಹೋದ ಬೇಸಿಗೆಯಲ್ಲಿ ಅರಣ್ಯ ಇಲಾಖೆಯ ಪಾಸು ಬಂತು: ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ.

ಮರದಡಿ ನಿಂತು “ಒಂದೇ ಒಂದ್ಸಲ ಮಾವ, ಮೆತ್ತಗೆ” ಎಂದು ಇವರು ಬೇಡಿದರು. ಮಂಟಯ್ಯ ತಮ್ಮ ಮಾತಿನಲ್ಲಿ ಗದರಿದ್ದನ್ನು ಚಲುವರಾಜು ಕನ್ನಡಕ್ಕೆ ತರುತ್ತಾರೆ: “ಹಗಲೊತ್ತು ಜೇನ್ಹುಳ ಎದ್ದು ಕುಂತವೆ ಕಣ್ಲಾ. ನಿನ್ ಪಾಸು ಅವಕ್ಕೆ ಓದೇಳು, ಮನೀಕತ್ತವೇನೋ ನೋಡಾನ.”

ಐದಕ್ಕೆ ಗಾರ್ಡ್ ಸೀಟಿ ಊದಿದ. ಹೊರಬರುವಾಗ ಗೇಟಿನಲ್ಲಿ ‘ಪ್ರವೇಶವಿಲ್ಲ’ ಎಂಬ ಹಸಿರು ಬೋರ್ಡು. ಇಪ್ಪತ್ತು ವರ್ಷದ ಹಿಂದೆ ಕೂಲಿಗೆ ಅದನ್ನು ಬರೆದದ್ದು ಚಲುವರಾಜು ಅವರದೇ ಕೈ. “ಒಂದಕ್ಸರನೂ ಮಾಸಿಲ್ಲ ಕಣ್ರೀ” ಎಂದು ನಗಲು ನೋಡುತ್ತಾರೆ. ಆಗುವುದಿಲ್ಲ.

ಜನವರಿಯಲ್ಲಿ ಮಂಟಯ್ಯನವರಿಗೆ ಲಕ್ವ ಹೊಡೆಯಿತು. ಮಾತು ನಿಂತಿದೆ.

ಅಕ್ಷರಗಳನ್ನು ಕಂಪ್ಯೂಟರಿಗೆ ಏರಿಸಿಕೊಡುವ ಡಿಟಿಪಿ ಅಂಗಡಿಯ ಧರ್ಮೇಂದ್ರ ಬುದ್ಧಿ ಹೇಳುತ್ತಾರೆ: “ಯಾವ್ದಾರ ಒಂದು ಎಳ್ದು ಮುಗ್ಸಣ್ಣ. ಯಾರ್ ಬಂದು ಕೇಳ್ತಾರೆ?”

ಚಲುವರಾಜು ಕುಂಚ ತೊಳೆಯುತ್ತಾರೆ. “ಯಾರೂ ಕೇಳಾಕಿಲ್ಲ, ದಿಟವೇ. ಆದ್ರೆ ನಾನು ಕಿವೀಲಿ ಕೇಳ್ದೆ ಒಂದಕ್ಸರನೂ ಬರ್ದಿಲ್ಲ. ಅದು ಖಾಲಿ ಇರ್ಲಿ ಬುಡು. ಇಲ್ಲಿಂದ ಏನೋ ಕಿತ್ಕಂಡವ್ರೆ ಅಂತ ನಾಳೆ ನೋಡ್ದೋರ್ಗಾದ್ರೂ ಗೊತ್ತಾಗ್ಲಿ.”