ಎಂಟರ್ ಗುಂಡಿಯ ಮೇಲಿನ ಸುಣ್ಣ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಸದಾ ಸುಣ್ಣ ಅಂಟಿರುತ್ತಿತ್ತು. ಅಂಗೈಯಲ್ಲಿ ತಂಬಾಕು ತಿಕ್ಕಿದ ಅದೇ ಬೆರಳಿನಿಂದ, ಹೆಬ್ಬೆಟ್ಟು ಒತ್ತುವವರಂತೆ, ಎಂಟರ್ ಗುಂಡಿ ಒತ್ತುತ್ತಿದ್ದರು. ಶಹಾಪುರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಬಿಳಿ ಕಲೆಯಿಲ್ಲದ ಕೀಬೋರ್ಡೇ ಇರಲಿಲ್ಲ. ಸುರಪುರದಿಂದ ಬಸ್ಸಿನಲ್ಲಿ ಬಂದ ನಾನು ಮೊದಲು ಆ ಗುಂಡಿಯನ್ನು ಒರೆಸಿ, ಆಮೇಲೆ ಕೂರುತ್ತಿದ್ದೆ.

"ಮಡಿ ಆತೇನವಾ ಮಷಿನ್?" ಎಂದು ನಗುತ್ತಿದ್ದರು. ಕಿಟಕಿಯಾಚೆ ಉಗುಳಿ ಬಂದು ಪಾಠ ಮುಂದುವರಿಸುತ್ತಿದ್ದರು.

ಎಲ್ಲರಿಗೂ ಅವರು ಲ್ಯಾಬ್ ಸರ್. ಲಿನಕ್ಸ್ ಕಲಿಸುತ್ತಿದ್ದರು, ಚೆನ್ನಾಗಿ ಕಲಿಸುತ್ತಿದ್ದರು, ಅದೇ ತೊಂದರೆ. ಕಂಪ್ಯೂಟರು ಹೊರಗಿನ ಉಪಕರಣದೊಂದಿಗೆ ಕೇಬಲಿನಲ್ಲಿ ಮಾತಾಡಬೇಕಾದರೆ ನಡುವೆ ಲೈಬ್ರರಿ ಎಂಬ ಕೋಡಿನ ಕಟ್ಟೊಂದು ಬೇಕು. ಅದನ್ನು ಯಾರೋ ಸಿದ್ಧಮಾಡಿಟ್ಟ ರೂಪದಲ್ಲಿ ಇಳಿಸಿಕೊಳ್ಳಲು ಅವರು ಬಿಡುತ್ತಿರಲಿಲ್ಲ. ಎಲ್ಲರಿಗೂ ತೆರೆದಿರುವ ಮೂಲ ಕೋಡನ್ನು ತಂದು, ಯಂತ್ರಕ್ಕೆ ತಿಳಿಯುವ ರೂಪಕ್ಕೆ ನಾವೇ ಕಂಪೈಲ್ ಮಾಡಬೇಕು. ಪರದೆಯ ಮೇಲೆ ಸಾಲುಗಳು ಸರಸರ ಓಡುವಾಗ ಯಾರೂ ಎದ್ದು ಚಹಾಕ್ಕೆ ಹೋಗುವಂತಿಲ್ಲ.

"ಜ್ವಾಳ ಹಸನ ಮಾಡಿದಂಗ ಓದ್ರಿ. ಒಂದ್ ಹರಳ ಉಳದ್ರ ಹಲ್ಲಿಗೇ ಬರ್ತದ" ಎನ್ನುತ್ತಿದ್ದರು. ತಪ್ಪು ಬಂದರೆ ಕೊನೆಯ ಸಾಲು ನೋಡಿ ಹೆದರಬಾರದು, ಮೇಲಕ್ಕೆ ಹೋಗಿ ಮೊದಲ ತಪ್ಪು ಹುಡುಕಬೇಕು. ಉಳಿದವೆಲ್ಲ ಅದರ ಮರಿಗಳು.

ಕೊನೆಯ ವರ್ಷ ನಾನು ಲಸಿಕೆ ಇಡುವ ಫ್ರಿಜ್ಜಿನ ತಾಪಮಾನ ಅಳೆಯುವ ಪೆಟ್ಟಿಗೆ ಮಾಡಿದೆ. ಸಂವೇದಕವೂ ತಂತಿಯೂ ನನ್ನವು. ಪುಟ್ಟ ಲಿನಕ್ಸ್ ಬೋರ್ಡಿನಲ್ಲಿ ಲೈಬ್ರರಿ ಕಟ್ಟಿ ಅಂಕಿ ತೋರಿಸುವ ಕೆಲಸ ಸರ್ ವಹಿಸಿಕೊಂಡರು. ಲೈಬ್ರರಿ ತಪ್ಪಿಲ್ಲದೆ ಕಂಪೈಲ್ ಆಯಿತು, ಆದರೆ ಲ್ಯಾಬಿಗೆ ತಂದಿಟ್ಟ ಫ್ರಿಜ್ಜಿನೊಳಗಿನ ಸಂವೇದಕ ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ತಪಾಸಣಾ ಕಮಿಟಿ ಬರುವುದಿತ್ತು. ಅಂಥ ದಿನಗಳಲ್ಲಿ ನಮ್ಮ ಕಾಲೇಜಿಗೆ ಎಲ್ಲಿಂದಲೋ ಹೂಕುಂಡಗಳು ಬರುತ್ತಿದ್ದವು, ನಾವೆಂದೂ ಕಾಣದ ಪ್ರಾಧ್ಯಾಪಕರೂ ಬರುತ್ತಿದ್ದರು.

"ನೀ ಮನಿಗಿ ನಡಿಯವಾ, ನಾ ನೋಡ್ತೀನಿ" ಎಂದರು.

ಬೆಳಿಗ್ಗೆ ಬಂದಾಗ ಪರದೆಯಲ್ಲಿ ಐದು ಡಿಗ್ರಿ, ಲಸಿಕೆಗೆ ತಕ್ಕಷ್ಟೇ ತಂಪು. ಸ್ವಲ್ಪ ಏರುತ್ತಿತ್ತು, ಸ್ವಲ್ಪ ಇಳಿಯುತ್ತಿತ್ತು. ಆ ದಿನ ಮಾತ್ರ ನಾನು ಕೀಬೋರ್ಡ್ ಒರೆಸಲಿಲ್ಲ.

ಕಮಿಟಿ ಮೆಚ್ಚಿತು. ಆಡಳಿತ ಮಂಡಳಿಯವರು ಪೆಟ್ಟಿಗೆಯನ್ನು ಹತ್ತಿರದ ಹಳ್ಳಿಯೊಂದರ ಆರೋಗ್ಯ ಕೇಂದ್ರಕ್ಕೆ ಕೊಟ್ಟು ಫೋಟೊ ತೆಗೆಸಿಕೊಂಡರು. ಮುಂದಿನ ವಾರ ನೋಡಲು ಹೋದಾಗ ಅಲ್ಲಿನ ಸಿಸ್ಟರ್ ನನ್ನ ಕೈ ಹಿಡಿದುಕೊಂಡರು.

"ಭಾಳ ಚಲೋ ಮಷಿನ್ ಕೊಟ್ಟೀರಿ ನೋಡ್ರಿ ಮೇಡಂ. ನಿನ್ನಿಯಿಂದ ಕರೆಂಟ್ ಇಲ್ಲ, ಆದ್ರೂ ಐದೇ ಅದ!"

ಪೆಟ್ಟಿಗೆಗೆ ಬ್ಯಾಟರಿ ಇತ್ತು, ಫ್ರಿಜ್ಜಿಗೆ ಇರಲಿಲ್ಲ. ನಾನು ಸಂವೇದಕದ ಕೇಬಲ್ ಕಿತ್ತೆ. ಪರದೆಯ ಅಂಕಿ ನಿಲ್ಲಲಿಲ್ಲ. ಐದರ ಆಚೀಚೆ ಆಡುತ್ತಲೇ ಇತ್ತು. ಹೊರಗೆ ಬೇವಿನ ನೆರಳಿನಲ್ಲಿ ತಾಯಂದಿರು ಕೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು.

"ಈಗ ಮದ್ದು ಹಾಕ್ಲೋ ಬ್ಯಾಡೋ? ಇದರ ಮ್ಯಾಲಿನ ಭರೋಸಾಕ್ಕ ಹಳೀ ಥರ್ಮಾಮೀಟರ್ ತಗದ್ ಇಟ್ಟೀನಲ್ರಿ" ಎಂದರು ಸಿಸ್ಟರ್. ಬ್ಯಾಡ ಎಂದೆ. ತಾಯಂದಿರು ಬಿಸಿಲಲ್ಲಿ ವಾಪಸು ನಡೆದರು. ಒಬ್ಬಳು, "ಕೂಲಿ ಬಿಟ್ ಬಂದೀನಿ, ನಿಮಗೇನ್ ಹೇಳ್ರಿ" ಎಂದು ಬೈದು ಹೋದಳು.

ಪೆಟ್ಟಿಗೆ ತಂದು ಸರ್ ಮುಂದಿಟ್ಟೆ. ಅವರು ತಂಬಾಕು ತಿಕ್ಕುತ್ತಿದ್ದರು.

"ಇದು ಹುಟ್ಟಿಸಿದ ಅಂಕಿ, ಸರ್."

"ಕಮಿಟಿಯೋರು ನೋಡಿ ಹ್ವಾದ್ರಲ್ಲ. ಖರೇದು ಆಮ್ಯಾಲ ಹಾಕ್ತಿದ್ದೆ."

"ಕೂಸಿಗಿ ಹಾಕೋ ಮದ್ದು ಸರ್ ಅದು."

"ಹಾಕಿಲ್ಲಲ್ಲ? ಮತ್ಯಾಕ್ ಇಷ್ಟ್ ಗದ್ದಲ?" ಎಂದು ತಂಬಾಕನ್ನು ತುಟಿಯೊಳಗೆ ಒತ್ತಿಕೊಂಡರು.

ಸುಣ್ಣ, ಉಗುಳು, ತಂಬಾಕಿನ ಘಾಟು, ಇದ್ಯಾವುದೂ ಆ ಮಾತಿನಷ್ಟು ಹೇಸಿಗೆ ಹುಟ್ಟಿಸಿರಲಿಲ್ಲ. ಅವರಿಗೆ ಬಾರದ ಕೆಲಸವಾಗಿದ್ದರೆ ಕ್ಷಮಿಸುತ್ತಿದ್ದೆನೇನೋ. ಹರಳು ಎಲ್ಲಿದೆ ಎಂದು ಹುಡುಕುವುದನ್ನು ನಮಗೆ ಕಲಿಸಿದವರು, ತಾವೇ ಹಿಡಿ ಹರಳು ಕಲಸಿ ಬಡಿಸಿದ್ದರು.

ಅಲ್ಲೇ ಕುಳಿತು, ಅಂಕಿ ಹುಟ್ಟಿಸುವ ಸಾಲುಗಳನ್ನು ಅಳಿಸಿ, ಎಲ್ಲವನ್ನೂ ಮೊದಲಿನಿಂದ ಕಂಪೈಲ್ ಮಾಡಿದೆ. ಅವರು ಹೇಳಿಕೊಟ್ಟಂತೆಯೇ ಸಾಲು ಸಾಲು ಓದಿದೆ. ಬೋರ್ಡಿನಲ್ಲಿ ಅದೇ ಲೈಬ್ರರಿಯ ಒಂದು ಹಳೆಯ ಪ್ರತಿ ಉಳಿದಿತ್ತು. ನಾವು ಕಟ್ಟಿದ್ದನ್ನು ಬಿಟ್ಟು ಪ್ರೋಗ್ರಾಮು ಅದನ್ನೇ ಎತ್ತಿಕೊಳ್ಳುತ್ತಿತ್ತು. ಹಳೆಯದನ್ನು ತೆಗೆದೆ. ಸಂವೇದಕ ಮಾತಾಡಿತು: ಲ್ಯಾಬಿನ ಸೆಕೆ, ಮೂವತ್ತಾರು ಡಿಗ್ರಿ. ಕೇಬಲ್ ಕಿತ್ತೆ. ಅಂಕಿ ನಿಂತು, ಉಪಕರಣ ಸಿಗುತ್ತಿಲ್ಲ ಎಂಬ ಸಾಲು ಬಂತು.

ಬೆನ್ನ ಹಿಂದೆ ನಿಂತಿದ್ದ ಸರ್, "ಭಲೇ ತಂಗಿ" ಎಂದು ಮತ್ತೊಮ್ಮೆ ಓಡಿಸಲು ಹೆಬ್ಬೆರಳು ಚಾಚಿದರು. ನಾನು ಕೀಬೋರ್ಡನ್ನು ಪಕ್ಕಕ್ಕೆ ಎಳೆದುಕೊಂಡೆ. ಅವರು ಕೈ ಹಿಂದೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡರು. ಆಮೇಲೆ ನಾವೆಂದೂ ಮಾತಾಡಲಿಲ್ಲ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಬಾಯಿಯ ರೋಗ. ಅಂತ್ಯಕ್ರಿಯೆಗೆ ಹೋಗಿ ದೂರದಲ್ಲಿ ನಿಂತು ಬಂದೆ. ಕಾಲೇಜಿನವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಸತ್ಯವಂತ ಗುರು ಎಂದು ಬರೆದರು.

ಈಗ ಯಾದಗಿರಿಯಲ್ಲಿ ನನಗೆ ಇಂಥ ಪೆಟ್ಟಿಗೆ ಕಟ್ಟುವುದೇ ಕೆಲಸ. ಕಂಪೈಲ್ ಮುಗಿಯುವವರೆಗೆ ಎದ್ದು ಹೋಗುವುದಿಲ್ಲ. ಅಂಕಿ ಬಂತೆಂದು ಪಕ್ಕದವರು ಖುಷಿಪಟ್ಟಾಗ ಮೊದಲು ಕೇಬಲ್ ಕೀಳುತ್ತೇನೆ. ಎರಡನ್ನೂ ಕಲಿತದ್ದು ಅವರಿಂದಲೇ.