ವ್ಯಾಪಾರಿಯ ಅಂಗಳದಲ್ಲಿ ಬಿಟ್ಟು ಬಂದ ಶೇಂಗಾ ಯಂತ್ರ

ಮಹಾಯುದ್ಧ ಮುಗಿದ ಮರುವರ್ಷ ನಾನೂ ಸಿರುಗುಪ್ಪದ ನನ್ನ ಗೆಳೆಯನೂ ಸೇರಿ ಶೇಂಗಾ ಸುಲಿಯುವ ಯಂತ್ರ ಮಾಡಲು ಹೊರಟೆವು. ನಾನು ಕುರುಗೋಡಿನ ಬಡಿಗ, ಅವನು ಕಮ್ಮಾರ. ಆಗೆಲ್ಲ ಹೆಂಗಸರು ದಿನವಿಡೀ ಕೂತು ಕೈಯಿಂದಲೇ ಕಾಯಿ ಸುಲಿಯಬೇಕಿತ್ತು. ನನ್ನ ಹೆಂಡತಿಯ ಹೆಬ್ಬೆರಳು ಸೀಳಿ, ರೊಟ್ಟಿ ತಟ್ಟುವಾಗ ಹಿಟ್ಟಿಗೆ ರಕ್ತ ಹತ್ತುತ್ತಿತ್ತು.

ನಮ್ಮ ಮೊದಲನೆಯ ಯಂತ್ರ ಕಾಳನ್ನೇ ಅರೆದು ಹಾಕಿತು. ಎರಡನೆಯದು ಸಿಪ್ಪೆಯನ್ನೇ ಬಿಡಿಸಲಿಲ್ಲ. ಮೂರನೆಯದನ್ನು ಬಂಡಿಯಲ್ಲಿ ಹೇರಿಕೊಂಡು ಬಳ್ಳಾರಿಯ ಒಬ್ಬ ಶೇಂಗಾ ವ್ಯಾಪಾರಿಯ ಅಂಗಳಕ್ಕೆ ಒಯ್ದೆವು. ಸ್ವಲ್ಪ ಹೊತ್ತು ಚೆನ್ನಾಗಿಯೇ ತಿರುಗಿತು. ಆಮೇಲೆ ದಪ್ಪ ಕಾಯಿಗಳು ಸಿಕ್ಕಿಬಿದ್ದು ಗೆಳೆಯ ಬಡಿದಿದ್ದ ಕಬ್ಬಿಣದ ಜಾಲರಿ ಬಾಗಿತು, ಹಿಡಿಕೆ ಲಟ್ಟನೆ ಮುರಿಯಿತು. ಹಮಾಲರು ನಕ್ಕರು. ವ್ಯಾಪಾರಿ ನುಚ್ಚಾದ ಕಾಳನ್ನು ನನ್ನ ಕಾಲ ಮೇಲೆ ಸುರಿದು, “ಮಂಚ ಮಾಡ್ಕೊಂಡಿರಲೇ ಬಡಿಗ್ಯಾ, ಯಂತ್ರದ ಉಸಾಬರಿ ನಿನಗ್ಯಾಕ?” ಎಂದ.

ಗೆಳೆಯ ಮಾತ್ರ ಬಗ್ಗಿ ಜಾಲರಿ ನೋಡುತ್ತಿದ್ದ. “ಸಣ್ಣ ಕಾಯಿ ದಪ್ಪ ಕಾಯಿ ಕೂಡಿಸಿ ಹಾಕಿದ್ವಿ, ಅದಕ್ಕ ಕೆಟ್ಟೈತಿ. ಮೊದಲು ಜರಡಿ ಹಿಡೀಬೇಕು. ಇದನ್ನ ಹೊಳ್ಳಿ ಒಯ್ಯೂಣು ನಡಿ.”

“ನಿನ್ನ ಕಬ್ಬಿಣ ಮೆತ್ತಗೈತಿ, ಅದಕ್ಕ ಕೆಟ್ಟೈತಿ!” ಎಂದು ಎಲ್ಲರೆದುರೇ ಕಿರುಚಿದೆ. ನಾಚಿಕೆಗೆ ಯಂತ್ರವನ್ನು ಅಲ್ಲೇ ಬಿಟ್ಟು ಬಂಡಿ ಹೂಡಿದೆ. ಅವನು ಒಬ್ಬನೇ ಸಿರುಗುಪ್ಪಕ್ಕೆ ಹೋದ. ಒಂದು ವರ್ಷ ನಮ್ಮ ನಡುವೆ ಮಾತಿಲ್ಲ.

ಮುಂದಿನ ಸುಗ್ಗಿಯಲ್ಲಿ ಅದೇ ಅಂಗಳಕ್ಕೆ ಹೋದರೆ ಎರಡು ಯಂತ್ರ ಗಡಗಡ ತಿರುಗುತ್ತಿದ್ದವು. ಮೇಲೆ ಜರಡಿ, ಗೆಳೆಯ ಅಂದು ಅಲ್ಲೇ ನಿಂತು ಹೇಳಿದ ಹಾಗೆಯೇ. ಒಂದರ ಚೌಕಟ್ಟಂತೂ ನಾನು ಕೆತ್ತಿದ್ದೇ, ಇನ್ನೊಂದು ಅದರ ನಕಲು.

“ಇದು ನಮ್ದು, ಸಾವ್ಕಾರ್ರೇ.”

“ನಿಮ್ದು ಮುರುದು ಬಿದ್ದಿತ್ತಲ್ಲೋ. ಇದು ನಡೀತೈತಿ. ನಡಿಯೋದು ನಂದು.”

ಮೈಯೆಲ್ಲ ಉರಿದು ನೇರ ಸಿರುಗುಪ್ಪಕ್ಕೆ ಹೋದೆ. ಗೆಳೆಯ ಕುಲುಮೆಯಿಂದ ತಲೆ ಎತ್ತದೆ ಎಲ್ಲ ಕೇಳಿಸಿಕೊಂಡ. “ಅವನ್ನ ಯಾಕ ಬೈತಿ? ಮೂರು ಸಲ ಕೆಡಿಸಿ ಕಲ್ತದ್ದನ್ನ ಅಂಗಳದಾಗ ಒಗದು ಬಂದಾಂವ ನೀನು.” ಹೊಡೆಯಬೇಕೆನ್ನಿಸಿತು. ಯಾರನ್ನು ಹೊಡೆಯುವುದು? ಅವನು ಹೇಳಿದ್ದು ನಿಜವಾಗಿತ್ತು. “ನಂದ ತಪ್ಪು” ಎಂದೆ. ಅವನು ಸುತ್ತಿಗೆ ಕೆಳಗಿಟ್ಟ.

ನಾಲ್ಕನೆಯದನ್ನು ಕುರುಗೋಡಿನಲ್ಲೇ ಕಟ್ಟಿದೆವು. ಕಾಳು ಇಡಿಯಾಗಿ ಬಿತ್ತು. ನನ್ನ ಹೆಂಡತಿಯೇ ಮೊದಲು ಹಿಡಿಕೆ ತಿರುಗಿಸಿದಳು. ಆದರೆ ಅಷ್ಟರಲ್ಲಿ ವ್ಯಾಪಾರಿ ಯಂತ್ರ ಮಾಡಿಸಿ ಮಾರಲು ಶುರು ಮಾಡಿದ್ದ, ಕೊಳ್ಳುವವರೆಲ್ಲ ಬಳ್ಳಾರಿಯ ದಾರಿ ಹಿಡಿದಿದ್ದರು.

ಕೆಲವು ವರ್ಷಗಳ ಮೇಲೆ ಬಳ್ಳಾರಿಯ ಒಂದು ಸಭೆಯಲ್ಲಿ, ಶೇಂಗಾ ಯಂತ್ರ ಮಾಡಿದವನೆಂದು ಆ ವ್ಯಾಪಾರಿಗೆ ಶಾಲು ಹೊದಿಸಿದರು. ಅವನು ಎದ್ದು ನಿಂತು, “ಸೋತು ಸೋತು ಕಲಿತೆವು, ಸೋಲೇ ಗುರು” ಎಂದು ಭಾಷಣ ಮಾಡಿದ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೂಗಿದೆ: “ಯಾರು ಸೋತಿದ್ರು, ಸಾವ್ಕಾರ್ರೇ? ಅದನ್ನೂ ಹೇಳ್ರಿ!” ಪಕ್ಕದಲ್ಲಿದ್ದ ಗೆಳೆಯ ನನ್ನನ್ನು ಕೂರಿಸುತ್ತಾನೆಂದುಕೊಂಡೆ. ಅವನೂ ಎದ್ದು ನಿಂತ.

ವ್ಯಾಪಾರಿ ಒಂದು ಗುಟುಕು ನೀರು ಕುಡಿದು ಮಾತು ಮುಂದುವರಿಸಿದ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.